ಹಕ್ಕಿಗಳಿಗಾಗಿ ಕವಳೆ ಗಿಡ: ಬೆಳೆಸಿದವರು ಅನುಭವ ತಿಳಿಸಿ

ಪ್ರಶ್ನೆ (ಬೆಂಗಳೂರಿನ ಉಲ್ಲಾಳ): ಮನೆಯ ಹಿಂದಿನ ಜಾಗವನ್ನು ಹಕ್ಕಿ, ಚಿಟ್ಟೆಗಳಿಗೆಂದೇ ಬಿಟ್ಟಿದ್ದೇನೆ. ಮಧ್ಯಾಹ್ನದವರೆಗೆ ಬಿಸಿಲಿರುತ್ತದೆ. ಕವಳೆ ಹಾಕಬಹುದೇ? ಚಿಕ್ಕ ಮಗುವಿದೆ, ಮುಳ್ಳಿನ ಭಯ.

ಕೆಂಗೇರಿ: ನರ್ಸರಿಯವರ ಮಾತು ನಂಬಬೇಡಿ. ಕವಳೆ ಎಂದು ಹೇಳಿ ನನಗೆ ಕೊಟ್ಟದ್ದು ಅದರ ಹತ್ತಿರದ ಬಂಧು, ಗುಲಾಬಿ ಕಾಯಿಯ ಕರಂಡೆ. ಗಿಡಕ್ಕೆ 180 ರೂಪಾಯಿಯಂತೆ ಆರು ಗಿಡ. ಕೆಮ್ಮಣ್ಣಿಗೆ 2,400, ಗುಂಡಿ ತೋಡಿದವರಿಗೆ 1,200. ಮನೆ ಕಟ್ಟಿದವರು ನಿವೇಶನದಲ್ಲೇ ಹೂತುಹೋಗಿದ್ದ ಸಿಮೆಂಟು, ಇಟ್ಟಿಗೆ ಚೂರನ್ನು ಸಾಗಿಸಲು ಮತ್ತೆ 3,000! ಮಳೆಗಾಲದಲ್ಲಿ ನೀರು ನಿಂತು ಎರಡರ ಬೇರು ಕೊಳೆಯಿತು. ಬರವನ್ನು ಸಹಿಸುವ ಈ ಗಿಡ ನಿಂತ ನೀರನ್ನು ಸಹಿಸುವುದಿಲ್ಲ. ಉಳಿದವು ಬೇಲಿಯಾಗಿ ಹಬ್ಬಿವೆ, ಒಳಗೆ ಪಿಕಳಾರ ಗೂಡು ಕಟ್ಟಿದೆ. ಆ ಮುಳ್ಳಿನೊಳಕ್ಕೆ ಬೆಕ್ಕು ನುಗ್ಗುವುದಿಲ್ಲ.

ಜಾಲಹಳ್ಳಿ: ಅಷ್ಟು ಹಣ ಸುರಿದು ನೆಟ್ಟದ್ದು ಕರಂಡೆ! ತುರಹಳ್ಳಿಯ ಕುರುಚಲು ಕಾಡಿನಲ್ಲಿ ತಾನಾಗಿ ಬೆಳೆಯುವುದು ಸಣ್ಣ ಕಪ್ಪು ಹಣ್ಣಿನ ಕವಳೆ. ಬೆಂಗಳೂರಿನ ಹಕ್ಕಿಗಳಿಗೆ ನೆಡಬೇಕಾದದ್ದು ಅದೇ. ನಾನು ತುಮಕೂರಿನ ಕಡೆ ನಮ್ಮ ಹೊಲದ ಬದುವಿನಿಂದ ಹಣ್ಣು ತಂದು, ಅಂದೇ ತಿರುಳು ತೊಳೆದು ಬಿತ್ತಿದೆ. ಒಣಗಿಸಿ ಇಟ್ಟುಕೊಂಡರೆ ಬೀಜದ ಸತ್ವ ಬೇಗ ಹೋಗುತ್ತದೆ. ಸಸಿ ಬೆಳೆಯುವುದು ಬಲು ನಿಧಾನ. ಹಣ್ಣಿಗೆ ವರ್ಷಗಟ್ಟಲೆ ಕಾದೆ, ಕಾದದ್ದಕ್ಕೆ ಹೆಮ್ಮೆಯಿದೆ.

ಕೆಂಗೇರಿ: ಕರಂಡೆ ಯಾವ ಪರದೇಶದ್ದು ಸ್ವಾಮಿ? ಪಶ್ಚಿಮ ಘಟ್ಟದ ಮನೆಗಳಲ್ಲಿ ತಲೆಮಾರುಗಳಿಂದ ಅದರ ಉಪ್ಪಿನಕಾಯಿ ಹಾಕುತ್ತಿದ್ದಾರೆ. ನಿಮ್ಮ ಬದುವಿನ ಗಿಡವೊಂದೇ ದೇಶಿಯೇ?

ಜಾಲಹಳ್ಳಿ: ಘಟ್ಟ ಬೇರೆ, ಬಯಲುಸೀಮೆ ಬೇರೆ. ಇಷ್ಟನ್ನು ಒಪ್ಪಿಕೊಳ್ಳಲು ಏಕೆ ಕಷ್ಟ?

ಜೆ.ಪಿ. ನಗರ: ಮುಳ್ಳಿಗಿಂತ ನನ್ನನ್ನು ಸೋಲಿಸಿದ್ದು ಪಕ್ಕದ ಮನೆಯವರು. ಕಣಗಿಲೆ ಎಲೆ ತಿನ್ನುವ ದಪ್ಪ ಹಸಿರು ಹುಳು ಕವಳೆಗೂ ಬರುತ್ತದೆ, ಮುಂದೆ ಅದೇ ಚೆಂದದ ಹಸಿರು ಪತಂಗವಾಗುತ್ತದೆ. ಅದಕ್ಕಾಗಿಯೇ ಗಿಡ ಬೆಳೆಸಿದ್ದೆ. ನಾನು ಊರಿಗೆ ಹೋಗಿದ್ದಾಗ ಗೋಡೆಯಾಚೆಯಿಂದ ಕೀಟನಾಶಕ ಹೊಡೆಸಿದರು. ಒಂದು ಹುಳುವೂ ಉಳಿಯಲಿಲ್ಲ. ಕೇಳಿದರೆ, ನಿಮ್ಮ ಕಾಡು ನಿಮ್ಮ ಕಡೆಗಿರಲಿ ಎಂದರು. ಇಂದಿಗೂ ಅವರೊಡನೆ ಮಾತಿಲ್ಲ. ಈಗ ಗಸಗಸೆ ಹಣ್ಣಿನ ಮರವಿದೆ, ಹಕ್ಕಿಗಳಿಗೆ ಬರವಿಲ್ಲ.

ಜಾಲಹಳ್ಳಿ: ಮೇಡಂ, ಗಸಗಸೆ ಹಣ್ಣಿನ ಮರ ಅಮೆರಿಕ ಖಂಡದ್ದು. ಲಂಟಾನವೂ ಅಲ್ಲಿಂದಲೇ ಬಂದದ್ದು. ಅದರ ಹಣ್ಣನ್ನೂ ಹಕ್ಕಿಗಳು ತಿನ್ನುತ್ತವೆ; ಅದು ಹಬ್ಬಿ ನಮ್ಮ ಕಾಡುಗಳ ಗತಿ ಏನಾಯಿತು ನೋಡಿ.

ಜೆ.ಪಿ. ನಗರ: ನನ್ನ ಮರವನ್ನು ಲಂಟಾನಕ್ಕೆ ಹೋಲಿಸಬೇಡಿ. ಹುಳುಗಳು ಸತ್ತು ಬಿದ್ದಾಗ ನೀವು ಬಂದಿರಲಿಲ್ಲ.

ಮಲ್ಲೇಶ್ವರ: ಕರಂಡೆಯನ್ನು ಹಗುರವಾಗಿ ಕಾಣಬೇಡಿ. ಕೇಕಿನ ಮೇಲೆ ಚೆರ್ರಿ ಎಂದು ಇಡುವುದು ಎಷ್ಟೋ ಕಡೆ ಬಣ್ಣ ಹಾಕಿ ಸಕ್ಕರೆ ಪಾಕದಲ್ಲಿ ಅದ್ದಿದ ಕರಂಡೆಯೇ. ನಮ್ಮ ಅಜ್ಜಿ ಎಳೆಗಾಯಿಯ ಹಾಲು ತೊಳೆದು, ಉಪ್ಪಿನಲ್ಲಿ ನೆನೆಸಿ ಉಪ್ಪಿನಕಾಯಿ ಹಾಕುತ್ತಿದ್ದರು.

ಕೆಂಗೇರಿ: ಕಾಯಿಯನ್ನೆಲ್ಲ ಭರಣಿಗೆ ತುಂಬಿದರೆ ಪಿಕಳಾರ ಏನು ತಿನ್ನಬೇಕು? ನಾನು ಒಂದು ಕಾಯಿಯನ್ನೂ ಕೀಳಲು ಬಿಟ್ಟಿಲ್ಲ.

ಮಲ್ಲೇಶ್ವರ: ಕೆಳಗಿನ ಕೊಂಬೆಯದ್ದು ನಮಗೆ, ಮೇಲಿನದ್ದು ಹಕ್ಕಿಗೆ. ನಮ್ಮ ಮನೆಯಲ್ಲಿ ಹಾಗೆಯೇ ನಡೆದುಬಂದಿದೆ, ಅದನ್ನು ನೀವು ತಿದ್ದಬೇಕಿಲ್ಲ.

ಜಾಲಹಳ್ಳಿ: ಉಲ್ಲಾಳದವರೇ, ಸಣ್ಣ ಕವಳೆಯ ಸಸಿಗಳು ನನ್ನಲ್ಲಿವೆ, ಬಂದು ಒಯ್ಯಿರಿ. ಹಣ ಬೇಡ. ಆದರೆ ಪಕ್ಕದಲ್ಲಿ ಕರಂಡೆ ನೆಡುವುದಾದರೆ ಕೊಡುವುದಿಲ್ಲ.