ಪದಚರ್ಚೆ: ‘ವರ್ಡ್ ಪ್ರಾಬ್ಲಮ್’ಗೆ ಕನ್ನಡದಲ್ಲಿ ಏನನ್ನೋಣ?

ಪ್ರಶ್ನೆ:
ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಅಭ್ಯಾಸದ ಹಾಳೆ ಮಾಡುತ್ತಿದ್ದೇನೆ. ನಾಳೆ ಮಧ್ಯಾಹ್ನ ಪ್ರಿಂಟಿಗೆ ಹೋಗಬೇಕು. ‘ವರ್ಡ್ ಪ್ರಾಬ್ಲಮ್’ಗೆ, ಅಂದರೆ ವಾಕ್ಯಗಳಲ್ಲಿ ಬರೆದ ಲೆಕ್ಕಕ್ಕೆ, ತಲೆಬರಹ ಬೇಕು. ‘ಶಾಬ್ದಿಕ ಸಮಸ್ಯೆ’ ಅಂದರೆ ಮಕ್ಕಳು ಲೆಕ್ಕ ನೋಡುವ ಮೊದಲೇ ಹೆದರುತ್ತಾರೆ. ‘ಬಾಯಿಲೆಕ್ಕ’ ಬೇರೆಯೇ. ‘ಕತೆಲೆಕ್ಕ’ ನಡೆಯುತ್ತಾ?

ಉತ್ತರ 1:
ನಡೆಯಲ್ಲ. ಕತೆ ಸಂಸ್ಕೃತದ ‘ಕಥಾ’. ಲೆಕ್ಕವೂ ಪ್ರಾಕೃತದ ದಾರಿ ಹಿಡಿದು ಬಂದದ್ದೇ. ‘ನುಡಿಯೆಣಿಕೆ’ ಅನ್ನಿ. ಎರಡೂ ನಮ್ಮವೇ.

ಉತ್ತರ 2:
‘ನುಡಿಯೆಣಿಕೆ’ ಯಾರ ಬಾಯಲ್ಲೂ ಇಲ್ಲ. ಎಣಿಕೆ ಅಂದರೆ ಒಂದೊಂದಾಗಿ ಎಣಿಸುವುದು, ಮತ ಎಣಿಕೆ ಅಂತೀವಲ್ವಾ, ಹಾಗೆ. ರಾಜಾದಿತ್ಯ 12ನೇ ಶತಮಾನದಲ್ಲೇ ಕನ್ನಡದಲ್ಲಿ ಗಣಿತ ಬರೆದ. ಅವನ ಪುಸ್ತಕದ ಹೆಸರೇ ‘ವ್ಯವಹಾರಗಣಿತ’, ಎರಡೂ ಸಂಸ್ಕೃತ ಪದಗಳು! ಕತೆಲೆಕ್ಕ ಚೆನ್ನಾಗಿದೆ, ಹಾಕಿ.

ಆದರೆ ಮಕ್ಕಳು ಎಡವುವುದು ತಲೆಬರಹದಲ್ಲಿ ಅಲ್ಲ, ‘ಇಂದ’ದಲ್ಲಿ. ‘15ರಿಂದ 3 ಕಳೆ’ ಅಂದಾಗ ‘ಇಂದ’ ದೊಡ್ಡ ಸಂಖ್ಯೆಗೆ ಅಂಟಿರುತ್ತೆ. ‘15ನ್ನು 3ರಿಂದ ಭಾಗಿಸು’ ಅಂದ ಕೂಡಲೇ ಅದೇ ‘ಇಂದ’ ಚಿಕ್ಕದಕ್ಕೆ ಹಾರುತ್ತೆ. ವಿಭಕ್ತಿಯಲ್ಲಿ ಒಂದು ಪಂಚಮಿ, ಒಂದು ತೃತೀಯೆ, ರೂಪ ಒಂದೇ. ಹಳಗನ್ನಡದ ವ್ಯಾಕರಣ ಬರೆದ ಕೇಶಿರಾಜ ಪಂಚಮಿಗೆ ‘ಅತ್ತಣಿಂ’ ಅಂತ ಬೇರೆ ಪ್ರತ್ಯಯ ಹೇಳಿದ್ದ. ಈಗ ಎರಡೂ ಕಲೆತಿವೆ. ‘15ರಲ್ಲಿ 3 ಕಳೆ’ ಅಂತ ಬರೆಯಿರಿ, ಅಂಗಡಿಯಲ್ಲಿ ಆಡುವುದೂ ಹಾಗೇ.

ಇನ್ನೊಂದು ‘ಗಿಂತ’. ‘ರವಿಯ ಹತ್ತಿರ 12 ಗೋಲಿ ಇವೆ. ಇದು ಗೀತಾಳ ಹತ್ತಿರ ಇರುವುದಕ್ಕಿಂತ 5 ಜಾಸ್ತಿ.’ ಗೀತಾಳದು ಎಷ್ಟು ಅಂತ ಕೇಳಿದರೆ ನನ್ನ ಮಗಳು ‘ಜಾಸ್ತಿ’ ಕಂಡು 17 ಅಂದಳು. ಬೈಯಲಿಲ್ಲ. 12 ಹುಣಸೆ ಬೀಜ ಸಾಲಾಗಿ ಇಟ್ಟು, ಇದು ರವಿಯ ಸಾಲು, ಗೀತಾಳ ಸಾಲು ಉದ್ದವೋ ಗಿಡ್ಡವೋ ಅಂದೆ. ಸುಮ್ನೆ ನೋಡುತ್ತಾ ಕೂತಳು. ಆಮೇಲೆ ತಾನೇ 5 ಬೀಜ ಪಕ್ಕಕ್ಕೆ ಸರಿಸಿ 7 ಅಂದಳು. ಅವಳಿಗೆ ಕೂಡುವುದು, ಕಳೆಯುವುದು ಎರಡೂ ಬರುತ್ತಿತ್ತು. ಎಡವಿದ್ದು ಓದಿನಲ್ಲಿ. 1987ರಲ್ಲಿ ಅಮೆರಿಕದ ಸಂಶೋಧಕರಾದ ಲೂಯಿಸ್ ಮತ್ತು ಮೇಯರ್ ಕಾಲೇಜು ಓದುವವರಲ್ಲೇ ಈ ತಪ್ಪನ್ನು ತೋರಿಸಿದ್ದರು.

ಉತ್ತರ 1, ಮತ್ತೆ:
‘ಜಾಸ್ತಿ’ ಅರಬ್ಬಿ-ಫಾರಸಿ ಕಡೆಯದು. ‘ಹೆಚ್ಚು’ ಇರುವಾಗ ಸಾಲ ಯಾಕೆ? ಹೀಗೆ ಒಂದೊಂದೇ ಬಿಟ್ಟುಕೊಟ್ಟು ಕೊನೆಗೆ ನಮ್ಮದು ಅಂತ ಏನು ಉಳಿಯುತ್ತೆ?

ಉತ್ತರ 2:
‘ಹೆಚ್ಚು’ ಅಂತ ಬರೆದಿದ್ದರೂ ಅವಳು 17 ಅಂತಲೇ ಹೇಳುತ್ತಿದ್ದಳು. ನಾನು ಹೇಳುತ್ತಿರುವುದು ಅದನ್ನೇ.

ಪ್ರಶ್ನೆ ಕೇಳಿದವರು:
ಕತೆಲೆಕ್ಕ ಅಂತಲೇ ಕಳಿಸುತ್ತಿದ್ದೇನೆ. ಕಳೆಯುವ ಲೆಕ್ಕಗಳಲ್ಲೆಲ್ಲ ‘ರಲ್ಲಿ’ ಮಾಡಿದೆ. ಆರನೆಯದರಲ್ಲಿ ‘24ನ್ನು 4ರಿಂದ ಭಾಗಿಸಿ’ ಅಂತಿತ್ತು. ‘24 ಲಾಡು ಇವೆ, 4 ಜನಕ್ಕೆ ಸಮನಾಗಿ ಹಂಚಿ’ ಅಂತ ತಿದ್ದಿದೆ.