ಕಣ್ಣು ಚೆನ್ನಾಗೇ ಕಾಣ್ತಿದೆ, ಆದ್ರೂ ಚೆಕಪ್ ಮಾಡಿಸ್ಬೇಕಾ? ಅನುಭವ ಇರೋರು ಹೇಳಿ

ನಮಸ್ತೆ ಎಲ್ರಿಗೂ. ಮಗಳು ಈ ಜೂನ್‌ಗೆ ಒಂದನೇ ಕ್ಲಾಸು, ಮಗನಿಗೆ 3 ವರ್ಷ. ನಂಗೆ 37, ಯಜಮಾನ್ರಿಗೆ 42, ಅತ್ತೆಗೆ ಶುಗರ್ ಇದೆ. ಕಣ್ಣಿನ ಕಂಪ್ಲೇಂಟ್ ಅಂತ ಯಾರಿಗೂ ಏನೂ ಇಲ್ಲ. ಹಾಗಿದ್ರೂ ಟೆಸ್ಟ್ ಮಾಡಿಸ್ಬೇಕಾ, ಎಷ್ಟು ವರ್ಷಕ್ಕೊಂದ್ಸಲ, ಕನ್ನಡಕದ ಅಂಗಡೀಲಿ ಫ್ರೀ ಆಗಿ ಮಾಡ್ತಾರಲ್ಲ ಅದೇ ಸಾಕಾ? ನಿಮ್ಮನೇಲಿ ಏನ್ ಮಾಡಿದ್ರಿ ಸ್ವಲ್ಪ ಹೇಳಿ.

ಶಿವಮೊಗ್ಗದ ಅಮ್ಮ:

ಮಾಡಿಸ್ಲೇಬೇಕು ಅಕ್ಕ, ಅದ್ರಲ್ಲೂ ಮಕ್ಕಳಿಗೆ ಮೊದ್ಲು. ನನ್ ಮಗಂಗೆ ಸ್ಕೂಲ್ ಸೇರೋ ಮುಂಚೆ ಅಂತ ಕಣ್ಣಾಸ್ಪತ್ರೆಗೆ ಕರ್ಕೊಂಡು ಹೋಗಿದ್ವಿ, ಆಗ ಅವನಿಗೆ 5. ಟಿವಿ ಹತ್ರ ಕೂರಲ್ಲ, ತಲೆನೋವು ಅನ್ನಲ್ಲ, ನೆಲದ ಮೇಲೆ ಬಿದ್ದ ಸಾಸಿವೆ ಕಾಳು ಕೂಡ ಹೆಕ್ಕಿ ಕೊಡ್ತಿದ್ದ. ಅಲ್ಲಿ ಟೆಸ್ಟ್ ಮಾಡೋ ಮೇಡಂ ಅವನ ಎಡಗಣ್ಣು ಮುಚ್ಚಿ ಚಾರ್ಟ್ ತೋರ್ಸಿದ್ರು, ಕೆಳಗಿನ ಸಾಲಿನವರೆಗೂ ಹೇಳ್ಬಿಟ್ಟ. ಆಮೇಲೆ ಬಲಗಣ್ಣು ಮುಚ್ಚಿದ್ ತಕ್ಷಣ ಕತ್ತು ತಿರುಗಿಸ್ಕೊಂಡು ಅವರ ಕೈ ಪಕ್ಕದಿಂದ ಇಣುಕೋಕೆ ಶುರು ಮಾಡ್ದ, ಮತ್ತೆ ಸರಿಯಾಗಿ ಮುಚ್ಚಿದ್ರೆ ಕೈ ತೆಗೀರಿ ಆಂಟಿ ಅಂತ ಅಳು. ಎಡಗಣ್ಣಲ್ಲಿ ಪ್ಲಸ್ ಪವರ್ ತುಂಬಾ ಇತ್ತು, ಬಲಗಣ್ಣು ಸರಿ ಇತ್ತು. ಅಂದ್ರೆ ಅವನು ಅಷ್ಟು ದಿನ ಒಂದೇ ಕಣ್ಣಲ್ಲಿ ಎಲ್ಲಾ ನೋಡ್ತಿದ್ದ, ಇನ್ನೊಂದನ್ನ ಮೆದುಳು ಬಳಸ್ತಾನೇ ಇರ್ಲಿಲ್ಲ. ಲೇಜಿ ಐ ಅಂತಾರೆ. ಮಕ್ಕಳು ಇದನ್ನ ಹೇಳಲ್ಲ ಅಕ್ಕ, ಹೇಳೋಕೆ ಅವ್ರಿಗೇ ಗೊತ್ತಿರಲ್ಲ, ಹುಟ್ಟಿದಾಗಿಂದ ಹಾಗೇ ಕಂಡಿರುತ್ತಲ್ವಾ. ಕಂಪ್ಲೇಂಟ್ ಬಂದ್ಮೇಲೆ ಹೋಗೋಣ ಅಂತ ಕಾದ್ರೆ ಕಂಪ್ಲೇಂಟ್ ಬರೋದೇ ಇಲ್ಲ.

ಕನ್ನಡಕ ಕೊಟ್ರು, ಸ್ವಲ್ಪ ದಿನ ಆದ್ಮೇಲೆ ಬಲಗಣ್ಣಿಗೆ, ಅಂದ್ರೆ ಚೆನ್ನಾಗಿರೋ ಕಣ್ಣಿಗೆ, ದಿನಕ್ಕೆ 2 ಗಂಟೆ ಪ್ಯಾಚ್ ಅಂಟಿಸಿ ಡ್ರಾಯಿಂಗು ಕಲರಿಂಗು ಮಾಡ್ಸಿ ಅಂದ್ರು. ಮೊದಮೊದ್ಲು ಕಿತ್ತು ಎಸೀತಿದ್ದ, ಪ್ಯಾಚ್ ಮೇಲೆ ಅವನಿಗೆ ಇಷ್ಟವಾದ ಸ್ಟಿಕ್ಕರ್ ಅಂಟಿಸಿದ್ಮೇಲೆ ದಾರಿಗೆ ಬಂದ. ಚಾರ್ಟ್ ಲೆಕ್ಕದಲ್ಲಿ 6/6 ಅಂದ್ರೆ ನಾರ್ಮಲ್, ಎಡಗಣ್ಣು 6/36 ಇದ್ದಿದ್ದು ಈಗ 6/9ಕ್ಕೆ ಬಂದಿದೆ. ಇದು 7-8 ವರ್ಷದೊಳಗೆ ಸಿಕ್ರೆ ಚೆನ್ನಾಗಿ ಸರಿಹೋಗುತ್ತೆ, ದೊಡ್ಡೋರಾದಷ್ಟೂ ಕಷ್ಟ ಅಂದ್ರು ಡಾಕ್ಟ್ರು. ಇನ್ನೊಂದು, ನಮ್ ಕಡೆ ಮೆಳ್ಳೆಗಣ್ಣು ಇದ್ರೆ ಅದೃಷ್ಟ ಅಂತ ಸುಮ್ಮನಾಗೋರು ಇನ್ನೂ ಇದಾರೆ, ದಯವಿಟ್ಟು ಹಾಗೆ ಮಾಡ್ಬೇಡಿ, ವಾರೆ ನೋಡೋ ಕಣ್ಣಿಗೂ ಇದೇ ಥರ ದೃಷ್ಟಿ ಕುಂದುತ್ತೆ. ನಿಮ್ ಮಗನಿಗೆ 3 ಅಂದ್ರಲ್ಲ, ಅಕ್ಷರ ಬರಲ್ಲ ಅಂತ ಯೋಚ್ನೆ ಬೇಡ, ಚಿತ್ರದ ಚಾರ್ಟ್ ಇರುತ್ತೆ. ಇಬ್ರನ್ನೂ ಒಟ್ಟಿಗೆ ಕರ್ಕೊಂಡು ಹೋಗ್ಬಿಡಿ.

ಆಪ್ಟೋಮೆಟ್ರಿಸ್ಟ್, ಬೆಂಗಳೂರು:

ಅಂಗಡಿ ಟೆಸ್ಟ್ ಬಗ್ಗೆ ನಾನ್ ಹೇಳ್ತೀನಿ, ದಿನಾ ಇದೇ ಕೆಲ್ಸ ನಂದು. ಗಲ್ಲ ಇಟ್ಟು ನೋಡಿದ್ರೆ ಒಳಗೆ ಉದ್ದ ರಸ್ತೆ, ಅದರ ತುದೀಲಿ ಬಲೂನು ಕಾಣ್ಸುತ್ತಲ್ಲ, ಮಸುಕಾಗಿ ಮತ್ತೆ ಕ್ಲಿಯರ್ ಆಗುತ್ತೆ, ಅದು ಪವರ್ ಅಂದಾಜು ಹೇಳೋ ಮಷೀನ್ ಅಷ್ಟೇ. ಅದ್ರಿಂದ ಬರೋ ಚೀಟಿ ನೋಡಿ ನೇರ ಕನ್ನಡಕ ಮಾಡಿಸೋ ಹಾಗಿಲ್ಲ, ಒಂದೊಂದೇ ಲೆನ್ಸ್ ಹಾಕಿ ಕೂಡ ನೋಡ್ಬೇಕು. ಮಕ್ಕಳಲ್ಲಂತೂ ಅವ್ರು ಆ ಬಲೂನನ್ನ ಹತ್ರದ್ದು ಅನ್ನೋ ಥರ ಫೋಕಸ್ ಮಾಡಿ ಇಲ್ಲದ ಮೈನಸ್ ಪವರ್ ತೋರಿಸ್ಬಿಡ್ತಾರೆ. ಅದಕ್ಕೇ ಮಕ್ಕಳಿಗೆ ಡ್ರಾಪ್ಸ್ ಇಲ್ಲಾ ಆಟ್ರೋಪಿನ್ ಆಯಿಂಟ್‌ಮೆಂಟ್ ಹಾಕಿ ಫೋಕಸ್ ಮಾಡೋ ಸ್ನಾಯು ಸಡಿಲ ಮಾಡಿ ಆಮೇಲೆ ಪವರ್ ನೋಡೋದು. ಆಟ್ರೋಪಿನ್ ಮನೇಲೇ ಕೆಲವು ದಿನ ಹಾಕೋಕೆ ಹೇಳ್ತಾರೆ, ಹೇಳಿದಷ್ಟೇ ಹಾಕಿ, ಮುಖ ಕೆಂಪಾಗಿ ಜ್ವರ ಬಂದ್ರೆ ನಿಲ್ಸಿ ಡಾಕ್ಟ್ರಿಗೆ ಫೋನ್ ಮಾಡಿ.

ಪೂರ್ತಿ ಚೆಕಪ್ ಅಂದ್ರೆ ಒಂದೊಂದು ಕಣ್ಣಿಗೆ ಬೇರೆಬೇರೆ ಚಾರ್ಟು, ಹತ್ರದ ಓದು, ಸ್ಲಿಟ್ ಲ್ಯಾಂಪ್ ಅನ್ನೋ ಮೈಕ್ರೋಸ್ಕೋಪಲ್ಲಿ ಕಣ್ಣಿನ ಮುಂಭಾಗ, ಕಣ್ಣಿನ ಪ್ರೆಶರ್, ಆಮೇಲೆ ಪಾಪೆ ದೊಡ್ಡದು ಮಾಡಿ ರೆಟಿನಾ (ಕಣ್ಣಿನ ಹಿಂಭಾಗದ ಪರದೆ) ಮತ್ತೆ ಕಣ್ಣಿನ ನರ ನೋಡೋದು. ಕೊನೇ ಎರಡು ಅಂಗಡೀಲಿ ಸಾಮಾನ್ಯವಾಗಿ ಆಗಲ್ಲ. ಯಾವಾಗ ಅಂದ್ರೆ ಮಕ್ಕಳಿಗೆ 3ರಿಂದ 5ರೊಳಗೆ ಒಂದ್ಸಲ, ಸ್ಕೂಲ್ ಸೇರೋ ಮುಂಚೆ ಒಂದ್ಸಲ, ಕನ್ನಡಕ ಬಂದ್ಮೇಲೆ ವರ್ಷಕ್ಕೊಮ್ಮೆ, ಮೈನಸ್ ಏರ್ತಾ ಇದ್ರೆ 6 ತಿಂಗಳಿಗೆ. ದೊಡ್ಡೋರಿಗೆ ಬೇರೆ ತೊಂದ್ರೆ ಏನೂ ಇಲ್ಲ ಅಂದ್ರೂ 40ಕ್ಕೆ ಒಂದು ಪೂರ್ತಿ ಚೆಕಪ್, ಅಲ್ಲಿಂದ 2-4 ವರ್ಷಕ್ಕೊಮ್ಮೆ, 65 ದಾಟಿದ್ಮೇಲೆ 1-2 ವರ್ಷಕ್ಕೊಮ್ಮೆ. ನಿಮ್ ಯಜಮಾನ್ರು ಪೇಪರ್ ದೂರ ಹಿಡಿದು ಓದ್ತಿದ್ರೆ ಚಾಳೀಸು ಶುರುವಾಗಿರುತ್ತೆ, ಆ ನೆಪದಲ್ಲಾದ್ರೂ ಕರ್ಕೊಂಡು ಹೋಗಿ, ಫುಟ್‌ಪಾತ್ ಮೇಲಿನ ರೆಡಿಮೇಡ್ ಗ್ಲಾಸ್ ತಗೊಂಡು ಸುಮ್ಮನಾದ್ರೆ ಪ್ರೆಶರು ನರ ನೋಡೋ ಅವಕಾಶ ತಪ್ಪೋಗುತ್ತೆ.

ಕಾಯ್ಬಾರದ ವಿಷಯಾನೂ ಹೇಳ್ಬಿಡ್ತೀನಿ. ಫ್ಲ್ಯಾಶ್ ಹಾಕಿ ತೆಗೆದ ಫೋಟೋದಲ್ಲಿ ಮಗುವಿನ ಪಾಪೆ ಬೆಳ್ಳಗೆ ಹೊಳೀತಿದ್ರೆ ತಕ್ಷಣ ತೋರ್ಸಿ, ಕಣ್ಣಿನ ಕ್ಯಾನ್ಸರ್ ಕೂಡ ಹಾಗೆ ಕಾಣ್ಸಬಹುದು. ದೊಡ್ಡೋರಿಗೆ ಇದ್ದಕ್ಕಿದ್ದ ಹಾಗೆ ಮಿಂಚು, ಕಪ್ಪು ಚುಕ್ಕಿ ರಾಶಿ, ಪರದೆ ಇಳಿದ ಹಾಗೆ ಕಂಡ್ರೆ ಅವತ್ತೇ ಹೋಗ್ಬೇಕು. ತಿಂಗಳು ತುಂಬದೆ ಹುಟ್ಟಿದ ಮಗು, 34 ವಾರಕ್ಕೆ ಮುಂಚೆ ಇಲ್ಲಾ 2 ಕೆಜಿಗಿಂತ ಕಡಿಮೆ ಅಂದ್ರೆ 30 ದಿನದೊಳಗೆ ರೆಟಿನಾ ಟೆಸ್ಟ್ ಆಗ್ಬೇಕು, ತೀರಾ ಸಣ್ಣ ಮಗುವಿಗೆ ಇನ್ನೂ ಬೇಗ. ನಾರಾಯಣ ನೇತ್ರಾಲಯದ ಕಿಡ್‌ರಾಪ್ ತಂಡ ಇದನ್ನ 2008ರಿಂದ ಜಿಲ್ಲೆಗಳ ಶಿಶು ಐಸಿಯುಗಳಿಗೇ ಹೋಗಿ ಕ್ಯಾಮೆರಾದಲ್ಲಿ ಫೋಟೋ ತೆಗೆದು ಮಾಡ್ತಿದೆ.

ಧಾರವಾಡ ಕಡೆಯವ:

ಮ್ಯಾಲೆ ಪ್ರೆಶರ್ ಅಂದ್ರಲ್ಲ, ಅದರ ಸಲುವಾಗಿ ನಾ ಬರೀಲಿಕ್ಕತ್ತೇನ್ರಿ. ನಮ್ಮ ಅಪ್ಪಾಜಿಗೆ ಗ್ಲಾಕೋಮಾ, ಅಂದ್ರ ಹೆಚ್ಚಾಗಿ ಪ್ರೆಶರ್ ಏರಿ ಕಣ್ಣಿನ ನರ ಹಾಳಾಗೋ ರೋಗ. ಪೇಪರ್ ಆರಾಮ ಓದ್ತಿದ್ರು, ಆದ್ರ ಬಾಗಲಾ ದಾಟುಮುಂದ ಭುಜಾ ಬಡಿಸ್ಕೊಳ್ಳೋದು, ಬಾಜೂಕ ಬಂದ ಸೈಕಲ್ ಕಾಣಲಾರದ್ದು, ಹಿಂಗ ಆಗ್ತಿತ್ತು. ವಯಸ್ಸಾತು ಅಂತ ಮನ್ಯಾಗ ಎಲ್ಲಾರೂ ಅಂತಿದ್ರು. ಟೆಸ್ಟ್ ಮಾಡಿದಾಗ ಎರಡೂ ಕಣ್ಣಿನ ಬದಿ ದೃಷ್ಟಿ ಭಾಳ ಹೋಗಿತ್ರಿ. ಈ ರೋಗ ಬದೀಲಿಂದ ತಿನ್ಕೋತ ಬರ್ತೈತಿ, ನಡುವಿನ ದೃಷ್ಟಿ ಕಡೀತನಕ ಚೊಲೋ ಇರ್ತೈತಿ, ನೋವಿಲ್ಲ ಕೆಂಪಿಲ್ಲ, ಅದಕ್ಕ ಗೊತ್ತಾಗಂಗಿಲ್ಲ.

ನಮ್ಮ ಕಡೆ ಹಿರ್ಯಾರಿಗೆ ಕಣ್ಣಿನ ಡಾಕ್ಟ್ರು ಅಂದ್ರ ಬೀಳಗಿಯ ಎಂ. ಸಿ. ಮೋದಿಯವರ ಕ್ಯಾಂಪ್ ನೆನಪಾಗ್ತೈತಿ, ಊರೂರಿಗೆ ಬಂದು ಪೊರೆ ತಗದು ಸಾವಿರಗಟ್ಟಲೆ ಮಂದಿಗೆ ಕಣ್ಣು ಕೊಟ್ಟ ಪುಣ್ಯಾತ್ಮ. ಹಿಂಗಾಗಿ ಪೂರ್ತಿ ಮಬ್ಬಾದ ಮ್ಯಾಲೆ ಹೋದ್ರ ಆತು, ಆಪರೇಷನ್ ಮಾಡಿದ್ರ ಕಾಣ್ತೈತಿ ಅನ್ನೋ ನಂಬಿಕಿ ಭಾಳ ಮಂದೀಗೈತಿ. ಪೊರೆಗೆ ಅದು ಖರೆ. ಗ್ಲಾಕೋಮಾದಾಗ ಹೋದದ್ದು ತಿರುಗಿ ಬರಂಗಿಲ್ರಿ, ದಿನಾ ಡ್ರಾಪ್ಸ್ ಹಾಕ್ಕೊಂಡು ಉಳಿದದ್ದನ್ನ ಕಾಪಾಡ್ಕೋಬೇಕು ಅಷ್ಟ. ಅಪ್ಪ ಅವ್ವ ಅಣ್ಣ ತಮ್ಮ ಯಾರಿಗರ ಇದ್ರ ನಮಗೂ ಬರೋ ಸಂಭವ ಹೆಚ್ಚು, ಅದಕ್ಕ ನಾನೂ ನನ್ನ ತಂಗೀನೂ ಈಗ ವರ್ಷಾ ತೋರಸ್ತೀವಿ. ಪ್ರೆಶರ್ 10ರಿಂದ 21 ಇದ್ರ ನಾರ್ಮಲ್ ಅಂತಾರ, ಆದ್ರ ನಾರ್ಮಲ್ ಪ್ರೆಶರ್‌ನ್ಯಾಗೂ ಕೆಲವರಿಗೆ ನರ ಹಾಳಾಗ್ತೈತಿ, ನರಾನೂ ನೋಡ್ರಿ ಅಂತ ಕೇಳ್ರಿ. ಮತ್ತ ಕಣ್ಣು ಕೆಂಪಾತು ಅಂತ ಮೆಡಿಕಲ್ ಶಾಪಿನ್ಯಾಗ ಸಿಕ್ಕ ಡ್ರಾಪ್ಸ್ ತಂದು ತಿಂಗಳಗಟ್ಟಲೆ ಹಾಕ್ಕೋಬ್ಯಾಡ್ರಿ, ಸ್ಟೀರಾಯ್ಡ್ ಇದ್ರ ಪ್ರೆಶರ್ ಏರ್ತೈತಿ.

ಮೈಸೂರಿಂದ:

ನಿಮ್ ಅತ್ತೆಯವ್ರ ವಿಷ್ಯ ಯಾರೂ ಹೇಳಿಲ್ಲ ಅಂತ ಬರೀತಿದೀನಿ. ಶುಗರ್ ಇರೋರಿಗೆ ವರ್ಷಕ್ಕೊಂದ್ಸಲ ರೆಟಿನಾ ನೋಡಿಸ್ಲೇಬೇಕು, ಟೈಪ್ 2 ಆದ್ರೆ ಶುಗರ್ ಇದೆ ಅಂತ ಗೊತ್ತಾದ ದಿನದಿಂದ್ಲೇ ಈ ಲೆಕ್ಕ ಶುರು. ನಮ್ಮಮ್ಮಂಗೆ ಓದೋಕೆ ಏನೂ ತೊಂದ್ರೆ ಇರ್ಲಿಲ್ಲ, ಆದ್ರೂ ಒಳಗೆ ರಕ್ತನಾಳ ಸೋರ್ತಿತ್ತು, ಸಮಯಕ್ಕೆ ಸಿಕ್ಕಿದ್ದಕ್ಕೆ ಚಿಕಿತ್ಸೆ ಆಗಿ ಈಗ ಆರಾಮಿದಾರೆ. ಹಾಗೇ ಕೀಲುನೋವಿಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ ತಗೊಳ್ಳೋರು ಯಾರಾದ್ರೂ ಇದ್ರೆ ಅವ್ರೂ ರೆಟಿನಾ ಟೆಸ್ಟ್ ಬಗ್ಗೆ ಡಾಕ್ಟ್ರನ್ನ ಕೇಳಿ.

ಖರ್ಚಿನ ಯೋಚ್ನೆ ಇದ್ರೆ ಜಿಲ್ಲಾಸ್ಪತ್ರೆಗಳಲ್ಲಿ ಕಣ್ಣಿನ ವಿಭಾಗ ಇದೆ, ಬೆಂಗಳೂರಲ್ಲಿ ಮಿಂಟೋ ಇದೆ, 1896ರಿಂದ ನಡೀತಿರೋ ಸರ್ಕಾರಿ ಆಸ್ಪತ್ರೆ, ರಶ್ ಇರುತ್ತೆ, ಬೆಳಗ್ಗೆ ಬೇಗ ಹೋಗಿ. ಅಂಗನವಾಡಿ ಮತ್ತೆ ಸರ್ಕಾರಿ ಶಾಲೆ ಮಕ್ಕಳನ್ನ ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಯೋಜನೆ) ತಂಡ ಬಂದು ನೋಡುತ್ತೆ, ಆಶಾಕಿರಣ ಅನ್ನೋ ಸರ್ಕಾರಿ ಯೋಜನೇಲಿ ಕೆಲವು ಜಿಲ್ಲೆಗಳಲ್ಲಿ ಆಶಾ ಕಾರ್ಯಕರ್ತೆಯರು ಮನೆಗೇ ಬಂದು ಕಣ್ಣು ನೋಡಿ ಬೇಕಾದೋರಿಗೆ ಕನ್ನಡಕ ಫ್ರೀ ಕೊಡಿಸಿದ್ರು. ಇಂಥ ತಪಾಸಣೇಲಿ ಮುಂದೆ ತೋರ್ಸಿ ಅಂತ ಚೀಟಿ ಕೊಟ್ರೆ ಅದನ್ನ ಮನೇಲಿ ಇಟ್ಕೊಂಡು ಕೂರ್ಬೇಡಿ.

ಕೇಳಿದವರು:

ತುಂಬಾ ಥ್ಯಾಂಕ್ಸ್ ಎಲ್ರಿಗೂ, ಮನೆಯೋರೆಲ್ಲಾ ಹೋಗೋದು ಅಂತ ತೀರ್ಮಾನ ಆಯ್ತು. ಇನ್ನೊಂದೇ ಡೌಟು, ಡ್ರಾಪ್ಸ್ ಹಾಕಿದ್ರೆ ಎಷ್ಟೊತ್ತು ಮಬ್ಬು ಇರುತ್ತೆ, ಮಾರನೇ ದಿನ ಮಗಳನ್ನ ಸ್ಕೂಲಿಗೆ ಕಳಿಸ್ಬಹುದಾ?

ಆಪ್ಟೋಮೆಟ್ರಿಸ್ಟ್, ಬೆಂಗಳೂರು:

ದೊಡ್ಡೋರಿಗೆ ಹಾಕೋದು 4-6 ಗಂಟೇಲಿ ಇಳಿಯುತ್ತೆ, ಅವತ್ತು ಗಾಡಿ ಓಡಿಸ್ಬೇಡಿ, ಕೂಲಿಂಗ್ ಗ್ಲಾಸ್ ತಗೊಂಡು ಹೋಗಿ. ಮಕ್ಕಳಿಗೆ ಸೈಕ್ಲೋಪೆಂಟೊಲೇಟ್ ಅನ್ನೋ ಡ್ರಾಪ್ಸ್ ಹಾಕಿದ್ರೆ ಸುಮಾರು ಒಂದು ದಿನ, ಆಟ್ರೋಪಿನ್ ಆದ್ರೆ ಒಂದೆರಡು ವಾರ ಹತ್ರದ್ದು ಓದೋಕೆ ಕಷ್ಟ, ಬಿಸಿಲಿಗೆ ಕಣ್ಣು ಚುಚ್ಚುತ್ತೆ, ಟೋಪಿ ಹಾಕ್ಸಿ. ಅದಕ್ಕೇ ಈ ಬೇಸಿಗೆ ರಜೇಲೇ ಮುಗಿಸ್ಬಿಡಿ, ಇಲ್ಲಾಂದ್ರೆ ದಸರಾ ರಜೆವರೆಗೂ ಮುಂದೆ ಹೋಗುತ್ತೆ.