ಸುನಾಮಿಗೆ ಮುಂಚೆ ಕಡಲು ಹಿಂದೆ ಸರಿದೇ ಸರಿಯುತ್ತದಾ?

ಪಡುಗಾಳಿ (ಪ್ರಶ್ನೆ):
ಉಡುಪಿ ಕರಾವಳಿಯ ಕೋಡಿಬೆಂಗ್ರೆ, ಪಡುಕೆರೆಯಂಥ ಊರುಗಳ ಶಾಲೆಗಳಿಗೆ ಸುನಾಮಿ ಬಗ್ಗೆ ಒಂದು ಪುಟದ ಹಾಳೆ ತಯಾರಾಗುತ್ತಿದೆ. ಕರಡಿನ ಮೂರು ಸಾಲುಗಳ ಮೇಲೆ ತಕರಾರಿದೆ. ಒಂದು, "ಸುನಾಮಿಗೆ ಮುಂಚೆ ನೀರು ಹಿಂದೆ ಸರಿಯುತ್ತದೆ, ಅದನ್ನು ಕಂಡ ಕೂಡಲೇ ಓಡಿ." ಎರಡು, "ಕಡಲಡಿಯಲ್ಲಿ ದೊಡ್ಡ ಭೂಕಂಪವಾದರೆ ಸುನಾಮಿ ಖಚಿತ." ಮೂರು, "ದೋಣಿಗಳನ್ನು ಆಳ ಕಡಲಿಗೆ ಒಯ್ಯಿರಿ." ಯಾವುದನ್ನು ಇಡಬಹುದು, ಯಾವುದನ್ನು ತೆಗೆಯಬೇಕು? ವಿಷಯ ಬಲ್ಲವರು ಕಾರಣ ಸಹಿತ ಹೇಳಿ.

ತಳಪದರ:
ಮೊದಲ ಸಾಲನ್ನು ಹಾಗೇ ಬಿಟ್ಟರೆ ಜೀವಕ್ಕೇ ಅಪಾಯ. ನೀರು ಮೊದಲು ಇಳಿಯುತ್ತದೋ ಏರುತ್ತದೋ ಎಂಬುದು ನಿಮ್ಮ ಕರಾವಳಿ ಭೂಕಂಪದಲ್ಲಿ ಜಾರಿದ ಬಿರುಕಿನ ಯಾವ ಬದಿಗಿದೆ ಎಂಬುದರ ಮೇಲೆ ಹೋಗುತ್ತದೆ. 2004ರ ಡಿಸೆಂಬರ್ 26ರಂದು ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ ಆರೂವರೆಯ ಹೊತ್ತಿಗೆ ಸುಮಾತ್ರಾದಿಂದ ಅಂಡಮಾನ್ ಕಡೆಗೆ ಸುಮಾರು 1,300 ಕಿ.ಮೀ. ಉದ್ದಕ್ಕೂ ಭೂಫಲಕದ ಅಂಚು ಜಾರಿತು. ತೀವ್ರತೆ 9.1. ಬಿರುಕಿನ ಪಶ್ಚಿಮಕ್ಕೆ ಕಡಲತಳ ಮೇಲೆದ್ದಿತು, ಪೂರ್ವಕ್ಕೆ ಕುಸಿಯಿತು. ಹಾಗಾಗಿ ಥಾಯ್ಲೆಂಡಿನ ಫುಕೆಟ್ ಕಡೆ ಮೊದಲು ನೀರು ಇಳಿದು ತಳ ಕಾಣಿಸಿತು. ತಮಿಳುನಾಡಿನತ್ತ ಹೊರಟ ಅಲೆಗೆ ಮುಂದೆ ಇದ್ದದ್ದು ಇಳಿತವಲ್ಲ, ಉಬ್ಬು. ನೀರು ಸರಿಯಲಿ ಎಂದು ಕಾಯುತ್ತ ನಿಂತವನಿಗೆ ಅಲ್ಲಿ ಮುನ್ಸೂಚನೆಯೇ ಸಿಗುತ್ತಿರಲಿಲ್ಲ.

"ನೀರು ಅಕಾರಣವಾಗಿ ಇಳಿದರೂ ಏರಿದರೂ ಓಡಿ, ಎಚ್ಚರಿಕೆ ಬಂದಿದ್ದರೆ ಕಡಲನ್ನು ನೋಡಲು ಹೋಗಲೇಬೇಡಿ" ಎಂದು ಬರೆಯಿರಿ.

ಎರಡನೆಯದೂ ತಪ್ಪು. ಸುನಾಮಿ ಏಳಲು ನೆಲ ನಡುಗಿದರೆ ಸಾಲದು, ನೀರಿನ ಇಡೀ ಕಂಬ ಮೇಲಕ್ಕೋ ಕೆಳಕ್ಕೋ ನೂಕಲ್ಪಡಬೇಕು. 2012ರ ಏಪ್ರಿಲ್ 11ರಂದು ಅದೇ ಸುಮಾತ್ರಾದ ಹೊರಗಡಲಲ್ಲಿ 8.6 ತೀವ್ರತೆಯ ಭೂಕಂಪವಾಯಿತು. ಅಲ್ಲಿ ಬಂಡೆಗಳು ಅಕ್ಕಪಕ್ಕಕ್ಕೆ ಜಾರಿದ್ದರಿಂದ ಎದ್ದದ್ದು ಸಣ್ಣ ಅಲೆ. ತದ್ವಿರುದ್ಧದ ಉದಾಹರಣೆ 2018ರ ಡಿಸೆಂಬರ್ 22ರದು: ಇಂಡೊನೇಷ್ಯಾದ ಅನಕ್ ಕ್ರಕಟೋವ ಜ್ವಾಲಾಮುಖಿಯ ಒಂದು ಮಗ್ಗುಲು ಕಡಲಿಗೆ ಕುಸಿಯಿತು. ಎಚ್ಚರಿಸುವಂಥ ಭೂಕಂಪವೇ ಇರಲಿಲ್ಲ. ಸುಂದಾ ಜಲಸಂಧಿಯ ದಂಡೆಗಳಲ್ಲಿ 400ಕ್ಕೂ ಹೆಚ್ಚು ಜನ ಸತ್ತರು. 1896ರಲ್ಲಿ ಜಪಾನಿನ ಸನ್ರಿಕು ಕರಾವಳಿಯಲ್ಲಿ ನಡುಕ ಮೆದುವಾಗಿತ್ತು, ಜನ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಆಮೇಲೆ ಬಂದ ಸುನಾಮಿಗೆ ಸುಮಾರು 22,000 ಜನ ಬಲಿಯಾದರು.

ಅಳಿವೆಬಾಗಿಲು:
ತಳಪದರ ಅವರ ಮಾತಿಗೆ ನಮ್ಮ ಕರಾವಳಿಯ ಲೆಕ್ಕ ಸೇರಿಸುತ್ತೇನೆ. ಅರಬ್ಬೀ ಸಮುದ್ರಕ್ಕೆ ಸುನಾಮಿ ಕಳಿಸಬಲ್ಲ ಮುಖ್ಯ ಜಾಗ ಪಾಕಿಸ್ತಾನ–ಇರಾನ್ ತೀರದ ಮಕ್ರಾನ್. 1945ರ ನವೆಂಬರ್ 28ರ ನಸುಕಿನಲ್ಲಿ ಅಲ್ಲಿ 8.1ರ ಭೂಕಂಪವಾಗಿ, ಬೆಳಿಗ್ಗೆ ಎಂಟು ದಾಟಿದ ಮೇಲೆ ಮುಂಬೈಗೆ ಅಲೆ ಬಂತು. ಅಲ್ಲೂ ಜನ ಕೊಚ್ಚಿಹೋದರು. ಅಷ್ಟು ದೂರದ ನಡುಕ ಉಡುಪಿಯಲ್ಲಿ ಕಾಲಿಗೆ ತಿಳಿಯುತ್ತದೆಂದು ನಂಬಿ ಕೂರುವಂತಿಲ್ಲ. "ನೆಲ ನಡುಗಿದರೆ ಓಡಿ" ಎಂಬುದು ಅಂಡಮಾನಿಗೆ ಸರಿ. ನಮಗೆ ಮಾತ್ರ ಅದೊಂದೇ ಸಾಲದು, ಅಧಿಕೃತ ಎಚ್ಚರಿಕೆಯೇ ಮುಖ್ಯ.

ಆ ಎಚ್ಚರಿಕೆ ಹೊರಡುವುದು ಹೈದರಾಬಾದಿನ ಇನ್‌ಕಾಯ್ಸ್ (ರಾಷ್ಟ್ರೀಯ ಸಾಗರ ಮಾಹಿತಿ ಸೇವಾ) ಕೇಂದ್ರದಿಂದ, 2007ರಿಂದ. ಭೂಕಂಪಮಾಪಕಗಳ ಮೇಲೆ ಮೊದಲ ಪ್ರಕಟಣೆ ಹತ್ತು ನಿಮಿಷದ ಆಸುಪಾಸಿನಲ್ಲಿ ಬರುತ್ತದೆ. ಅಲೆ ನಿಜವಾಗಿ ಎದ್ದಿದೆಯೇ ಎಂಬುದನ್ನು ಆಮೇಲೆ ಕಡಲತಳದ ಒತ್ತಡಮಾಪಕಗಳು ಮತ್ತು ಬಂದರುಗಳ ಉಬ್ಬರಮಾಪಕಗಳು ಖಚಿತಪಡಿಸುತ್ತವೆ. ಹಾಳೆಯಲ್ಲಿ ಮೂರು ಹಂತಗಳನ್ನು ಬಣ್ಣದ ಸಮೇತ ಹಾಕಿ: ವಾರ್ನಿಂಗ್ (ಕೆಂಪು) ಎಂದರೆ 2 ಮೀಟರಿಗಿಂತ ದೊಡ್ಡ ಅಲೆಯ ಅಂದಾಜು, ಊರು ಖಾಲಿ ಮಾಡಬೇಕು. ಅಲರ್ಟ್ (ಕಿತ್ತಳೆ) ಎಂದರೆ ಅರ್ಧದಿಂದ 2 ಮೀಟರ್, ದಂಡೆ ಬಿಡಬೇಕು. ವಾಚ್ (ಹಳದಿ) ಎಂದರೆ ಸದ್ಯಕ್ಕೆ ಓಡುವ ಅಗತ್ಯವಿಲ್ಲ, ಮುಂದಿನ ಪ್ರಕಟಣೆ ಗಮನಿಸಬೇಕು. ಮಳೆಗಾಲದಲ್ಲಿ ಟಿ.ವಿ.ಯಲ್ಲಿ ಬರುವ "ಎತ್ತರದ ಅಲೆ" ಸೂಚನೆಯೂ ಇದೇ ಕೇಂದ್ರದ್ದು, ಆದರೆ ಅದು ಗಾಳಿಯ ಅಲೆ. ಎರಡನ್ನೂ ಒಂದೇ ಎಂದುಕೊಂಡು ಜನ ನಿರ್ಲಕ್ಷ್ಯ ಮಾಡುವುದೇ ಹೆಚ್ಚು.

ಪಡುಗಾಳಿ:
ತುಂಬಾ ಉಪಕಾರ. ದೋಣಿಯ ಸಾಲು? ದಕ್ಕೆಯಲ್ಲಿ ಇದನ್ನೇ ಮೊದಲು ಕೇಳುತ್ತಾರೆ.

ತಳಪದರ:
ಸೂತ್ರ ಸುಲಭ: ಅಲೆಯ ವೇಗ ಎಂದರೆ ಗುರುತ್ವ ಗುಣಿಲೆ ಆಳ, ಅದರ ವರ್ಗಮೂಲ. 4,000 ಮೀ. ಆಳದಲ್ಲಿ ಗಂಟೆಗೆ ಸುಮಾರು 710 ಕಿ.ಮೀ., 50 ಮೀಟರಿನಲ್ಲಿ 80, 10 ಮೀಟರಿನಲ್ಲಿ 36. ದಂಡೆ ಹತ್ತಿರವಾದಂತೆ ಮುಂದಿನ ನೀರು ನಿಧಾನವಾಗುತ್ತದೆ, ಹಿಂದಿನದು ನುಗ್ಗುತ್ತಲೇ ಇರುತ್ತದೆ, ಅಲೆ ಎತ್ತರವಾಗುತ್ತದೆ. 2004ರಲ್ಲಿ ನಡುಗಡಲಿನಲ್ಲಿ ಉಪಗ್ರಹ ಅಳೆದ ಎತ್ತರ ಬರೀ 60 ಸೆಂ.ಮೀ. ಆಳದಲ್ಲಿರುವ ದೋಣಿಗೆ ಅದು ಗೊತ್ತೇ ಆಗುವುದಿಲ್ಲ. ಆದ್ದರಿಂದ ಆಗಲೇ ಆಳದಲ್ಲಿರುವ ಬೋಟು ಅಲ್ಲೇ ಇರಲಿ, ಬಂದರಿಗೆ ಮರಳಬಾರದು. ಕಟ್ಟಿ ನಿಲ್ಲಿಸಿದ ಬೋಟಿನ ಮಾತು ಬೇರೆ. ನಮ್ಮ ಕಡೆ 100 ಮೀ. ಆಳ ಸಿಗಲು ಹತ್ತಾರು ಕಿ.ಮೀ. ಹೋಗಬೇಕು; ಗಂಟೆಗೆ 15 ಕಿ.ಮೀ. ಓಡುವ ಬೋಟಿನಲ್ಲಿ ಅಷ್ಟರೊಳಗೆ ಅಲೆ ಎದುರಾದರೆ ಅದು ಎತ್ತರವಾಗುತ್ತಿರುವ ಜಾಗದಲ್ಲೇ ಸಿಕ್ಕಿಬೀಳುತ್ತೀರಿ. ಅಳಿವೆಯಲ್ಲಂತೂ ಸೆಳೆತ ಅತಿ ಹೆಚ್ಚು. ಬೋಟನ್ನು ಕಟ್ಟಿದಲ್ಲೇ ಬಿಟ್ಟು ಜನ ಎತ್ತರಕ್ಕೆ ಹೋಗಲಿ.

ಅಳಿವೆಬಾಗಿಲು:
ಕೊನೆಯದಾಗಿ, ಹಾಳೆಯ ಚಿತ್ರದಲ್ಲಿ ಗೋಡೆಯಂತೆ ಮಗುಚುವ ಅಲೆ ಬಿಡಿಸಬೇಡಿ. ಒಂದು ಉಬ್ಬಿನಿಂದ ಇನ್ನೊಂದಕ್ಕೆ ಹತ್ತು ನಿಮಿಷದಿಂದ ಒಂದು ಗಂಟೆಯೂ ಆಗಬಹುದು. ಆ ಅವಧಿಯಲ್ಲಿ ನೀರು ನಿಮಿಷಗಟ್ಟಲೆ ನೆರೆಯಂತೆ ಒಳನುಗ್ಗುತ್ತದೆ, ಆಮೇಲೆ ಅಷ್ಟೇ ಬಲವಾಗಿ ಹಿಂದಕ್ಕೆ ಎಳೆಯುತ್ತದೆ. ಒಂದು ಘನ ಮೀಟರ್ ನೀರು ಒಂದು ಟನ್. ಅದರೊಳಗೆ ಬೈಕು, ತೊಲೆ, ಬಲೆ, ಡೀಸೆಲ್ ಡ್ರಮ್ಮು ಎಲ್ಲವೂ ತಿರುಗುತ್ತಿರುತ್ತದೆ. ಮೊಣಕಾಲು ಮಟ್ಟದ ನೀರೂ ನಿಂತವನನ್ನು ಕೆಡವುತ್ತದೆ, ಈಜು ಬಂದರೂ ಪ್ರಯೋಜನ ಕಡಿಮೆ.

2004ರಲ್ಲಿ ಕೇರಳದ ಆಲಪ್ಪಾಡ್‌ನಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಅಲೆ ಶ್ರೀಲಂಕಾವನ್ನು ಬಳಸಿ ಪಶ್ಚಿಮ ಕರಾವಳಿಗೆ ಬಂದಿತ್ತು. ಆ ಊರು ಕೋಡಿಬೆಂಗ್ರೆಯ ಹಾಗೇ: ಒಂದು ಕಡೆ ಕಡಲು, ಇನ್ನೊಂದು ಕಡೆ ಹಿನ್ನೀರು, ನಡುವೆ ಮರಳಿನ ಪಟ್ಟಿ. ಇಂಥ ಕಡೆ "ಕಡಲಿಗೆ ಬೆನ್ನು ಹಾಕಿ ಓಡಿ" ಎಂದರೆ ಮಕ್ಕಳು ಹೊಳೆಯ ದಂಡೆಗೆ ಬರುತ್ತಾರೆ, ಸುನಾಮಿ ಹೊಳೆಯಲ್ಲೂ ಏರುತ್ತದೆ. ಹಾಗಾಗಿ ಪ್ರತಿ ಶಾಲೆಯ ಹಾಳೆಯಲ್ಲಿ ಆ ಊರಿನದೇ ನಕ್ಷೆ ಇರಲಿ: ಪಟ್ಟಿಯಿಂದ ಹೊರಬರುವ ರಸ್ತೆ ಅಥವಾ ಸೇತುವೆ ಎಲ್ಲಿ, ನಡೆದು ಹೋಗಲು ಎಷ್ಟು ನಿಮಿಷ, ಅಷ್ಟು ಸಮಯ ಸಿಗದಿದ್ದರೆ ಏರಬೇಕಾದ ಆರ್‌ಸಿಸಿ ಕಟ್ಟಡ ಯಾವುದು (ಹಂಚಿನ ಮನೆ ಬೇಡ, ಮೂರನೇ ಮಹಡಿ ಅಥವಾ ಮೇಲೆ).

ವಾಪಸಾಗುವುದರ ಬಗ್ಗೆಯೂ ಒಂದು ಸಾಲು ಬೇಕು. 1964ರಲ್ಲಿ ಕ್ಯಾಲಿಫೋರ್ನಿಯದ ಕ್ರೆಸೆಂಟ್ ಸಿಟಿಯಲ್ಲಿ ಮೊದಲ ಅಲೆಗಳು ಇಳಿದ ಮೇಲೆ ಜನ ಅಂಗಡಿ ಸ್ವಚ್ಛ ಮಾಡಲು ಮರಳಿದ್ದರು. ಅಲ್ಲಿ ಎಲ್ಲಕ್ಕಿಂತ ದೊಡ್ಡದು ನಾಲ್ಕನೇ ಅಲೆ.